ಪರಿಚಯ ಫಲಕವನ್ನು ಬರೆದವರು ಯಾರು?



ವಸ್ತುಸಂಗ್ರಹಾಲಯದಲ್ಲಿ ನಾವು ಗಾಜಿನೊಳಗಿನ ವಸ್ತುವನ್ನು ನೋಡುತ್ತೇವೆ, ಕೆಳಗಿನ ಪರಿಚಯ ಫಲಕವನ್ನು ಓದುತ್ತೇವೆ, ಮುಂದೆ ಸಾಗುತ್ತೇವೆ. ಆ ವಸ್ತು ಅಲ್ಲಿಗೆ ಹೇಗೆ ಬಂತು, ಆ ಫಲಕವನ್ನು ಬರೆದವರು ಯಾರು ಎಂದು ಕೇಳುವುದು ಅಪರೂಪ. ಇಂದು ಆ ಪ್ರಶ್ನೆಯನ್ನು ಆಫ್ರಿಕದಿಂದ ಆರಂಭಿಸಿ ನಮ್ಮ ಬೆಳಗಾವಿ ಜಿಲ್ಲೆಯವರೆಗೆ ತರೋಣ.

ಇಂದಿನ ನೈಜೀರಿಯಾದಲ್ಲಿ ಬೆನಿನ್ ಎಂಬ ನಗರವಿದೆ. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆ ಅದನ್ನು ವಶಪಡಿಸಿಕೊಂಡು, ಅಲ್ಲಿನ ದೊರೆಯನ್ನು ಗಡೀಪಾರು ಮಾಡಿತು. ಅರಮನೆಯ ಹಿತ್ತಾಳೆಯ ಉಬ್ಬುಶಿಲ್ಪಗಳು, ತಲೆಗಳು, ದಂತದ ಕೆತ್ತನೆಗಳು ಸಾವಿರಾರು ಸಂಖ್ಯೆಯಲ್ಲಿ ಯುರೋಪಿಗೆ ಹೋದವು. ಅಲ್ಲಿ ಮಾರಾಟವಾಗಿ ಹಲವು ಸಂಗ್ರಹಾಲಯಗಳಿಗೆ ಹಂಚಿಹೋದವು.

ಇವುಗಳ ತಯಾರಿಕೆಯ ವಿಧಾನ ನಮಗೆ ಹೊಸದಲ್ಲ. ಮೊದಲು ಮೇಣದಲ್ಲಿ ರೂಪ ಮಾಡಬೇಕು. ಅದರ ಮೇಲೆ ಮಣ್ಣು ಮೆತ್ತಿ ಕಾಯಿಸಬೇಕು. ಮೇಣ ಕರಗಿ ಹೊರಗೆ ಹರಿದು ಖಾಲಿಯಾದ ಜಾಗಕ್ಕೆ ಕಾದ ಲೋಹವನ್ನು ಎರೆಯಬೇಕು. ನಮ್ಮ ದೇವಸ್ಥಾನಗಳ ಉತ್ಸವಮೂರ್ತಿಗಳೂ ಹೀಗೆಯೇ ಆಗುತ್ತವೆ. ಆದರೆ ಇಷ್ಟು ಉತ್ತಮ ಕೆಲಸ ಆಫ್ರಿಕದವರಿಂದ ಸಾಧ್ಯವೆಂದು ಆಗಿನ ಯುರೋಪಿನ ಅನೇಕರು ನಂಬಲಿಲ್ಲ. ಪೋರ್ಚುಗೀಸರೇ ಕಲಿಸಿರಬೇಕೆಂದರು. ಇದು ಬೆನಿನ್ನಿನವರದೇ ಕಲೆ, ಯುರೋಪಿನ ಶ್ರೇಷ್ಠ ಎರಕಕ್ಕೆ ಸರಿಸಮ ಎಂದು ಬರ್ಲಿನ್ನಿನ ವಿದ್ವಾಂಸ ಫೆಲಿಕ್ಸ್ ಫಾನ್ ಲುಶಾನ್ ವಾದಿಸಿದರು. ಆದರೂ ಬಹುಕಾಲ ಆಫ್ರಿಕದ ಶಿಲ್ಪಗಳಿಗೆ ಸ್ಥಳ ದೊರೆತದ್ದು ಕಲಾಶಾಲೆಯಲ್ಲಲ್ಲ, ಬುಡಕಟ್ಟುಗಳ ವಸ್ತುಗಳ ವಿಭಾಗದಲ್ಲಿ. ಮಾಡಿದವನ ಹೆಸರನ್ನು ಬರೆದುಕೊಂಡವರೂ ವಿರಳ.

ಈಗ ನಮ್ಮ ಕಡೆಗೆ ಬರೋಣ. ಸಂಕೇಶ್ವರದಿಂದ ಸುಮಾರು 50 ಕಿಲೋಮೀಟರ್ ದೂರದ ಬೆಳಗಾವಿ ಕೋಟೆಯಲ್ಲಿ ಕಮಲ ಬಸದಿ ಇದೆ. 1204ರಲ್ಲಿ ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನು ಮಂತ್ರಿ ಬೀಚಣನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ ದತ್ತಿ ಬಿಟ್ಟನು. ಆ ಜಿನಾಲಯ ಇದೇ ಎಂದು ಗುರುತಿಸಲಾಗಿದೆ. ದತ್ತಿಯನ್ನು ದಾಖಲಿಸಿದ ಎರಡು ಕನ್ನಡ ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಬೆನಿನ್ನಿನ ನೂರಾರು ವಸ್ತುಗಳಿರುವುದೂ ಅಲ್ಲಿಯೇ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ಶಾಸನಗಳನ್ನು ಶ್ರದ್ಧೆಯಿಂದ ಓದಿ, ಅನುವಾದಿಸಿ, ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದವರು ಲಿಯೊನೆಲ್ ಬಾರ್ನೆಟ್ ಎಂಬ ಇಂಗ್ಲಿಷ್ ವಿದ್ವಾಂಸರು. ಆ ಋಣ ನಮ್ಮ ಮೇಲಿದೆ. ಆದರೆ ದತ್ತಿಶಾಸನವೆಂದರೆ ಊರಿನ ಕಾಗದಪತ್ರ. ಯಾವ ದೇವಾಲಯಕ್ಕೆ, ಯಾವ ಭೂಮಿ, ಯಾರ ಸಾಕ್ಷಿಯಲ್ಲಿ ಎಂದು ಅದು ಅಲ್ಲಿ ನಿಂತು ಹೇಳುತ್ತದೆ. ಅಲ್ಲಿಂದ ಕದಲಿಸಿದರೆ ಅಕ್ಷರ ಉಳಿಯುತ್ತದೆ, ಸಾಕ್ಷಿ ಹೋಗುತ್ತದೆ. ಬೆಳಗಾವಿಯ ಬಾಲಕ ತನ್ನ ಊರಿನ 800 ವರ್ಷದ ದಾಖಲೆಯನ್ನು ನೋಡಲು ಸಮುದ್ರ ದಾಟಬೇಕು.

ಕಾಲ ಬದಲಾಗುತ್ತಿದೆ. 2022ರಲ್ಲಿ ಜರ್ಮನಿಯೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯೂ ಬೆನಿನ್ನಿನ ಕೆಲವು ಶಿಲ್ಪಗಳನ್ನು ನೈಜೀರಿಯಾಕ್ಕೆ ಒಪ್ಪಿಸಿದವು.

ಆದರೆ ಮರಳಿ ಕೇಳುವವರು ಮನೆಯಲ್ಲಿರುವುದನ್ನು ಕಾಯಬೇಡವೆ? ರಟ್ಟರ ಕಾಲದ ಶಾಸನವಿರುವ ಕಲ್ಲೋಳಿ ನಮ್ಮ ಪಕ್ಕದಲ್ಲಿಯೇ ಇದೆ. ಸಂಕೇಶ್ವರದ ಶಂಕರಲಿಂಗ ದೇವಸ್ಥಾನ ಪ್ರಾಚೀನವಾದುದು. ಎಷ್ಟೋ ಊರುಗಳಲ್ಲಿ ಶಾಸನದ ಮೇಲೆ ಸುಣ್ಣ ಬಳಿಯುತ್ತಾರೆ, ವೀರಗಲ್ಲನ್ನು ಬಟ್ಟೆ ಒಗೆಯಲು ಹಾಸುತ್ತಾರೆ. ಪರರು ನಮ್ಮ ಕಲ್ಲನ್ನು ಒಯ್ದರು; ನಾವು ಇದ್ದಲ್ಲಿಯೇ ಅಳಿಸುತ್ತಿದ್ದೇವೆ.

ಈ ರಜೆಯಲ್ಲಿ ನಿಮ್ಮ ಊರಿನ ಒಂದು ಹಳೆಯ ಕಲ್ಲನ್ನು ಹುಡುಕಿರಿ. ಅದು ಎಲ್ಲಿದೆ, ಹಿರಿಯರು ಅದರ ಬಗ್ಗೆ ಏನು ಹೇಳುತ್ತಾರೆ ಎಂದು ವಹಿಯಲ್ಲಿ ಬರೆಯಿರಿ. ಅದರ ಪರಿಚಯ ಫಲಕವನ್ನು ಈ ಬಾರಿ ನೀವೇ ಬರೆಯಿರಿ.