ಬೀಜಕ್ಕೆ ಮೊದಲು ಕಂಬ: ಅಂಗನವಾಡಿ ಹಿತ್ತಲಿನಲ್ಲಿ ಚಪ್ಪರದವರೆ

(ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸ)



ಕೆಂಗೇರಿ ಸುತ್ತಮುತ್ತ ರಾಗಿಯ ಹೊಲಗಳು ಬಡಾವಣೆಗಳಾದಂತೆ ಅಕ್ಕಡಿ ಸಾಲಿನ ಅವರೆಯೂ ಮರೆಯಾಗುತ್ತಿದೆ. ಅವರೆಗೆ ಇಂದು ಉಳಿದಿರುವ ನೆಲೆ ಮನೆ, ಶಾಲೆ, ಅಂಗನವಾಡಿಗಳ ಹಿತ್ತಲು.

ಹೆಬ್ಬಾಳ ಅವರೆ-4ರಂತಹ ಗಿಡ್ಡ ತಳಿಗಳು ಆಧಾರವನ್ನು ಬೇಡವು. ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತವೆ. ನಾಟಿ ಚಪ್ಪರದವರೆ ಹಾಗಲ್ಲ. ಅದು ಹಗಲು ಕಿರಿದಾದಾಗಲೇ ಹೂ ಬಿಡುತ್ತದೆ. ಜುಲೈ-ಆಗಸ್ಟ್‌ನಲ್ಲಿ ಬಿತ್ತಿದರೆ ಸಂಕ್ರಾಂತಿಯ ವೇಳೆಗೆ ಕಾಯಿ ಕೈಗೆ ಬರುತ್ತದೆ.

ಆದರೆ ಬೀಜಕ್ಕೆ ಮೊದಲು ಕಂಬ ನೆಡಬೇಕು. ಬಳ್ಳಿ ಬೆಳೆದ ಮೇಲೆ ಗುಣಿ ತೋಡಿದರೆ ಬೇರು ಕಡಿಯುತ್ತದೆ. ನೆಲಕ್ಕೆ ಬಿದ್ದ ಬಳ್ಳಿಯಲ್ಲಿ ಕಾಯಿ ಕೊಳೆಯುತ್ತದೆ. ಎರಡು ಅಡಿ ಆಳದ ಗುಣಿಯಲ್ಲಿ ಕಂಬ ನಿಲ್ಲಿಸಿ, ಕೈಗೆ ಎಟಕುವಂತೆ ಆರು ಅಡಿ ಎತ್ತರಕ್ಕೆ ಚಪ್ಪರ ಹಾಕಿಸಿರಿ. ಕಂಬದ ಬುಡದಲ್ಲಿ ಎರಡು-ಮೂರು ಬೀಜ ಊರಿ, ಕುಡಿಯನ್ನು ಸೆಣಬಿನ ದಾರದಿಂದ ಸಡಿಲವಾಗಿ ಕಟ್ಟಿ ಹಬ್ಬಿಸಿರಿ. ಬೇರಿನ ಗಂಟುಗಳೇ ಸಾರಜನಕವನ್ನು ಒದಗಿಸುವುದರಿಂದ ಯೂರಿಯಾ ಸುರಿಯಬೇಡಿರಿ. ಸುರಿದರೆ ಎಲೆ ಹೆಚ್ಚಿ ಕಾಯಿ ಕಡಿಮೆಯಾಗುತ್ತದೆ.

ನಾಟಿ ಬೀಜವನ್ನು ಒಮ್ಮೆ ಕಳೆದುಕೊಂಡರೆ ಅಂಗಡಿಯಲ್ಲಿ ದೊರೆಯುವ ಭರವಸೆಯಿಲ್ಲ. ಆದುದರಿಂದ ಉತ್ತಮ ಬಳ್ಳಿಯ ಒಂದಷ್ಟು ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜವನ್ನು ನೆರೆಯ ಗ್ರಾಮಕ್ಕೂ ಹಂಚಿರಿ. ಈ ಮುಂಗಾರಿನಲ್ಲಿ ಪ್ರತಿ ಅಂಗನವಾಡಿಗೂ ಒಂದು ಚಪ್ಪರವಾಗಲಿ ಎಂದು ಕೋರುತ್ತೇನೆ.