ಮಕ್ಕಳ ಎದುರುಮಾತು
(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ನಾವು ಹೆಚ್ಚು ಸಂಬಳ ಕೇಳಿದರೆ ಮಾಲಿಕರು "ಎದುರು ಮಾತನಾಡುತ್ತಾರೆ" ಎನ್ನುತ್ತಾರೆ. ಮಾತು ಒರಟಾದರೂ ಅದರ ಹಿಂದೆ ನ್ಯಾಯವಾದ ಬೇಡಿಕೆಯಿದೆ ಎಂದು ನಾವು ವಾದಿಸುತ್ತೇವೆ. ಮನೆಯಲ್ಲಿ ಮಕ್ಕಳ ಮುಂದೆ ನಾವೇ ಮಾಲಿಕರಾಗಬಾರದು.

ಮುಂಬಯಿಯ ಬೀದಿ ಹಿಂದಿಯಲ್ಲಿ ದೊಡ್ಡವರಿಗೂ "ತೂ" ಎನ್ನುವ ರೂಢಿಯಿದೆ. ಅದನ್ನೇ ಕಲಿತು ಬಂದ ಮಗು ಮನೆಯಲ್ಲಿ ಏಕವಚನ ಆಡಿದರೆ ತಿದ್ದೋಣ, ಅವಮಾನವೆಂದು ತಿಳಿಯುವುದು ಬೇಡ.

ರಾತ್ರಿ ಪಾಳಿ ಮುಗಿಸಿ ಬಂದ ತಂದೆ "ಲೆಕ್ಕ ಮಾಡಿದೆಯಾ?" ಎಂದರೆ ಹುಡುಗ "ನಿಮಗೇನು ಗೊತ್ತು?" ಎನ್ನುತ್ತಾನೆ. ಲೆಕ್ಕ ತಿಳಿಯಲಿಲ್ಲ, ಕೇಳಲು ಯಾರೂ ಇಲ್ಲ ಎಂಬುದೇ ಎಷ್ಟೋ ಸಲ ಅದರ ಅರ್ಥ. ಆಗ ಕೈ ಎತ್ತದೆ ಹತ್ತಿರ ಕುಳಿತು, "ಏನಾಯಿತು ಹೇಳು ಮಗಾ, ಬೈಗುಳ ಮಾತ್ರ ಬೇಡ" ಎನ್ನಬೇಕು. ಪೂರ್ತಿ ಕೇಳಬೇಕು. ಆಗುವುದನ್ನು ಒಪ್ಪಬೇಕು, ಆಗದ್ದಕ್ಕೆ ಕಾರಣ ಹೇಳಬೇಕು. ಅತ್ತನೆಂದು ಹೇಳಿದ ಮಾತು ಬದಲಿಸಬಾರದು.

ಶಾಲೆಯಲ್ಲಿ ಮಗುವನ್ನು ದಂಡಿಸಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ಹೇಳಿದೆ. ಮೇಷ್ಟ್ರಿಗಿಲ್ಲದ ಬೆತ್ತ ನಮಗೇಕೆ? ಪೆಟ್ಟು ತಿಂದ ಮಗು ತೆಪ್ಪಗಾಗಬಹುದು. ಆದರೆ ನಾಳೆ ಹೊರಗೆ ಯಾರಾದರೂ ಕೇಡು ಮಾಡಿದರೆ, ಆಗಲೂ ನಮ್ಮ ಮುಂದೆ ಬಾಯಿ ಬಿಡಲಾರದು. ಎದುರುಮಾತಿಗಿಂತ ಆ ಮೌನಕ್ಕೇ ನಾವು ಹೆಚ್ಚು ಹೆದರಬೇಕು.