ಬೆಚ್ಚನೆಯ ಕಡಲು, ಆಳೆತ್ತರದ ಹಿಮ

ಮೊದಲು ಒಂದು ಪದದ ತೊಡಕು ಬಿಡಿಸಿಕೊಳ್ಳೋಣ. ನಮಗೆ ಮಂಜು ಅಂದರೆ ಹುಲ್ಲಿನ ಮೇಲಿನ ಇಬ್ಬನಿಯೂ ಹೌದು, ಘಾಟಿಯಲ್ಲಿ ದಾರಿ ಮುಚ್ಚುವ ಕಾವಳವೂ ಹೌದು, ಫ್ರಿಜ್ಜಿನೊಳಗಿನ ಗಡ್ಡೆಯೂ ಹೌದು. ಹಿಮ ಬೀಳದ ನಾಡಿನವರು, ಒಂದೇ ಪದದಲ್ಲಿ ಸುಧಾರಿಸಿಕೊಂಡಿದ್ದೇವೆ. ಇವತ್ತು ನಾನು ಹೇಳಹೊರಟಿರುವುದು ಆಕಾಶದಿಂದ ಹಿಂಜಿದ ಹತ್ತಿಯಂತೆ ಉದುರುವ ಹಿಮದ ಸಂಗತಿ. ಅದೂ ಬೆಟ್ಟದ ತುದಿಯಲ್ಲಲ್ಲ, ಕಡಲ ದಂಡೆಯಲ್ಲಿ.

ಜಪಾನಿನ ಪಶ್ಚಿಮ ಕರಾವಳಿಯಲ್ಲಿ ತಾಕಾದಾ ಎಂಬ ಊರಿದೆ. ಈಗ ಜೋಎತ್ಸು ನಗರದೊಳಗೆ ಸೇರಿಹೋಗಿದೆ. ನಮ್ಮ ಶ್ರೀನಗರಕ್ಕಿಂತ ಮೂರೇ ಡಿಗ್ರಿ ಉತ್ತರಕ್ಕೆ, ಸಮುದ್ರಮಟ್ಟಕ್ಕೆ ಹತ್ತಿರದ ಬಯಲು. 1945ರ ಫೆಬ್ರುವರಿ 26ರಂದು ಅಲ್ಲಿ ನೆಲದ ಮೇಲೆ ನಿಂತಿದ್ದ ಹಿಮ 377 ಸೆಂಟಿಮೀಟರ್, ಹನ್ನೆರಡು ಅಡಿಗೂ ಹೆಚ್ಚು. ಆ ಊರಿನ ಹಳೆಯ ಬೀದಿಗಳಲ್ಲಿ ಅಂಗಡಿಗಳ ಮಾಡನ್ನು ಮುಂದಕ್ಕೆ ಚಾಚಿ, ಒಂದಕ್ಕೊಂದು ಕೂಡಿಸಿ, ಅಡಿಯಲ್ಲಿ ನಡೆದಾಡುವ ದಾರಿ ಮಾಡಿಕೊಂಡಿದ್ದಾರೆ. ಅದಕ್ಕೆ ಅವರು ಕರೆಯುವುದು ‘ಗಂಗಿ’ ಎಂದು. (ನಗಬೇಡಿ, ನಮ್ಮ ಗಂಗಿಗೂ ಅದಕ್ಕೂ ಸಂಬಂಧವಿಲ್ಲ.)

ಈಗ ಅದೇ ಕಡಲಿನ ಆಚೆ ದಡಕ್ಕೆ ಹೋಗೋಣ. ಎಂಟುನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರದಲ್ಲಿ ರಷ್ಯಾದ ವ್ಲಾಡಿವೊಸ್ಟಾಕ್. ಜನವರಿಯಲ್ಲಿ ಅಲ್ಲಿ ಮೈ ಕೊರೆಯುವ ಚಳಿ. ಆದರೆ ಆಕಾಶ ಬಹುಪಾಲು ನಿಚ್ಚಳ, ಹಿಮ ಅಷ್ಟಕ್ಕಷ್ಟೆ. ಹೆಚ್ಚು ಚಳಿ ಇರುವ ಕಡೆ ಕಡಿಮೆ ಹಿಮ, ಕಡಿಮೆ ಚಳಿ ಇರುವ ಕಡೆ ಹೊರಲಾರದಷ್ಟು ಹಿಮ. ಇದೇಕೆ ಹೀಗೆ?

ಮಾಗಿಯ ಬೆಳಗಿನಲ್ಲಿ ಕೆರೆಯ ನೀರಿನ ಮೇಲೆ ಹಬೆ ಏಳುವುದನ್ನು ನೀವೆಲ್ಲ ನೋಡಿದ್ದೀರಿ. ನೀರು ಕುದಿಯುತ್ತಿರುವುದಿಲ್ಲ; ಮೇಲಿನ ಗಾಳಿಗಿಂತ ಬೆಚ್ಚಗಿರುತ್ತದೆ, ಅಷ್ಟೆ. ಆ ಕೆರೆಯನ್ನು ಜಪಾನ್ ಸಮುದ್ರದಷ್ಟು ಹಿಗ್ಗಿಸಿ. ದಕ್ಷಿಣದ ಕುರೋಶಿಯೋ ಪ್ರವಾಹದ ಒಂದು ಕವಲು ತ್ಸುಶಿಮಾ ಜಲಸಂಧಿಯಲ್ಲಿ ನುಸುಳಿ ಈ ಕಡಲಿಗೆ ಬಿಸಿ ಹೊತ್ತು ತರುತ್ತದೆ. ಹಾಗಾಗಿ ನಡುಚಳಿಗಾಲದಲ್ಲೂ ಮಧ್ಯ ಜಪಾನಿನ ಆ ತೀರದ ನೀರು 10 ಡಿಗ್ರಿಯ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇರುತ್ತದೆ. ಅದರ ಮೇಲೆ ಸೈಬೀರಿಯಾದಿಂದ ಒಣಗಾಳಿ ಬೀಸುತ್ತದೆ. ತಣ್ಣನೆಯ ಗಾಳಿಯ ಜೋಳಿಗೆ ಚಿಕ್ಕದು, ಹೊರಡುವಾಗ ಅದರಲ್ಲಿ ತೇವವೇ ಇಲ್ಲ. ಕಡಲು ದಾಟುತ್ತ ಅಡಿಯಿಂದ ಕಾದು, ಆವಿ ಕುಡಿದು, ಮೇಲಿನ ಕೊರೆಯುವ ಗಾಳಿಯೊಳಕ್ಕೆ ಉಬ್ಬಿ ಮೋಡವಾಗುತ್ತದೆ. ಲೆಕ್ಕಕ್ಕೆ ಬರುವುದು ನೀರಿನ ಬಿಸಿಯೊಂದೇ ಅಲ್ಲ, ಗಾಳಿಯ ತಂಪೊಂದೇ ಅಲ್ಲ. ಎರಡರ ನಡುವಿನ ಅಂತರ. ಐದು ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಮೈನಸ್ 36 ಡಿಗ್ರಿಗೆ ಇಳಿದರೆ ಅಲ್ಲಿನ ಹವಾಮಾನದವರು ಭಾರಿ ಹಿಮಕ್ಕೆ ಸಜ್ಜಾಗಿ ಎನ್ನುತ್ತಾರೆ.

ಉಪಗ್ರಹ ಚಿತ್ರದಲ್ಲಿ ಇದು ಚೆಂದ ಕಾಣುತ್ತದೆ. ಏಷ್ಯಾದ ದಂಡೆ ಬಿಟ್ಟ ಮೇಲೆ ಸ್ವಲ್ಪ ದೂರ ಮೋಡವೇ ಇಲ್ಲ. ಆಮೇಲೆ ಬಾಚಣಿಗೆ ಎಳೆದಂತೆ ಬಿಳಿಯ ಸಾಲುಗಳು. ಆ ಖಾಲಿ ಜಾಗ ಕಿರಿದಾದಷ್ಟೂ ಬರುತ್ತಿರುವ ಚಳಿ ಕಟುವಾದದ್ದು ಎಂದರ್ಥ.

ಗಾಳಿ ಬಿರುಸಾಗಿದ್ದರೆ ಮೋಡಗಳು ಕರಾವಳಿ ದಾಟಿ ಬೆಟ್ಟಕ್ಕೆ ಬಡಿದು ಅಲ್ಲಿ ಸುರಿಯುತ್ತವೆ. ಅದು ಅವರ ‘ಯಾಮಾಯುಕಿ’, ಬೆಟ್ಟದ ಹಿಮ. ಗಾಳಿ ಸಡಿಲವಾಗಿ, ಮೇಲುಗಡೆ ಕಡುಚಳಿ ನಿಂತರೆ ಊರಿನ ಮೇಲೆಯೇ ಬೀಳುತ್ತದೆ, ‘ಸಾತೋಯುಕಿ’. ಇನ್ನೊಂದು ತಂಟೆಯೂ ಇದೆ. ಕೊರಿಯಾ ಪರ್ಯಾಯದ್ವೀಪ ಏಷ್ಯಾಕ್ಕೆ ಅಂಟಿಕೊಳ್ಳುವ ಬುಡದಲ್ಲಿರುವ ಪೆಕ್ಟು ಪರ್ವತದ ಸಾಲು ಗಾಳಿಯನ್ನು ಎರಡಾಗಿ ಸೀಳುತ್ತದೆ. ಸೀಳಿದ್ದು ಕಡಲ ಮೇಲೆ ಮತ್ತೆ ಡಿಕ್ಕಿ ಹೊಡೆದು ಉದ್ದನೆಯ ಮೋಡದ ಪಟ್ಟಿಯಾಗುತ್ತದೆ. ಆ ಪಟ್ಟಿ ಒಂದೇ ಊರಿನ ಮೇಲೆ ಕದಲದೆ ಕೂತರೆ ಗತಿ ಕೆಟ್ಟಂತೆ. 2020ರ ಡಿಸೆಂಬರಿನ ಹಿಮದಲ್ಲಿ ಕಾನ್‌ಎತ್ಸು ಹೆದ್ದಾರಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಾಹನಗಳು ಹೂತು ನಿಂತವು.

ಅಲ್ಲಿನ ಮೀನುಗಾರರಿಗೆ ಹಿಮ ಬರುವ ಸುಳಿವು ಕಿವಿಯಿಂದಲೇ ಸಿಗುತ್ತದೆ. ಆ ಕರಾವಳಿಯಲ್ಲಿ ಚಳಿಗಾಲದಲ್ಲಿ ಗುಡುಗುತ್ತದೆ! ಆ ಗುಡುಗಿಗೆ ‘ಬುರಿಓಕೋಶಿ’ ಎಂಬ ಹೆಸರು, ಬುರಿ ಮೀನನ್ನು ಎಬ್ಬಿಸುವ ಗುಡುಗು ಎಂದು. ಅದು ಕೇಳಿದರೆ ಬಲೆಗೆ ಮೀನು, ಬೆನ್ನಿಗೇ ಹಿಮ.

ಹಿಮದ ಸೊಬಗಿನ ಬಗ್ಗೆ ಅಲ್ಲಿನವರನ್ನು ಕೇಳಲು ಹೋಗಬೇಡಿ. ಶಿಯೋಜಾವಾ ಊರಿನ ವ್ಯಾಪಾರಿ ಸುಜುಕಿ ಬೊಕುಶಿ 1837ರಲ್ಲಿ ಪ್ರಕಟವಾಗತೊಡಗಿದ ‘ಹೊಕುಎತ್ಸು ಸೆಪ್ಪು’ ಪುಸ್ತಕದಲ್ಲಿ, ಹಿಮ ನೋಡಿ ಹಿಗ್ಗುವ ಪಟ್ಟಣದವರನ್ನು ಚುಚ್ಚಿಯೇ ಬರೆದ. ಇಂದಿಗೂ ಮಾಡಿನ ಹಿಮ ತಳ್ಳುವಾಗ ಜಾರಿ ಬಿದ್ದು ಸಾಯುವವರಲ್ಲಿ ಮುದುಕರೇ ಹೆಚ್ಚು.

ಬೆಟ್ಟದಾಚೆಗೆ ಏನಾಗುತ್ತದೆ ಎಂಬುದನ್ನು ಆಗುಂಬೆ, ಚಿತ್ರದುರ್ಗ ಎರಡನ್ನೂ ಕಂಡ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅರಬ್ಬಿ ಕಡಲಿನ ಗಾಳಿ ನಮ್ಮ ಘಟ್ಟದಲ್ಲಿ ಮಾಡುವ ಕೆಲಸವನ್ನೇ ಸೈಬೀರಿಯಾದ ಗಾಳಿ ಅಲ್ಲಿ ಮಾಡುತ್ತದೆ, ಮಳೆಯ ಬದಲು ಹಿಮವಾಗಿ. ಹಿಮ ಬೀಳುವ ಬದಿಯ ನೀಗಾತಾದಿಂದ ಟೋಕಿಯೋಗೆ ಬುಲೆಟ್ ರೈಲು ಹಿಡಿದರೆ 22 ಕಿಲೋಮೀಟರಿನ ದಾಯ್‌ಶಿಮಿಜು ಸುರಂಗ ಸಿಗುತ್ತದೆ. ಒಳಹೋಗುವಾಗ ಕಿಟಕಿಯ ಹೊರಗೆ ಬಿಳಿ ಗೋಡೆ. ಕೆಲವೇ ನಿಮಿಷ ಕತ್ತಲು. ಹೊರಬಂದು ಬಯಲಿಗೆ ಇಳಿದರೆ ನೀಲಿ ಆಕಾಶ, ಒಣಗಾಳಿ. ಮಹಡಿಗಳ ಮೇಲೆ ಜನ ಬಟ್ಟೆ ಹರವಿರುತ್ತಾರೆ.